ಖಡಕವಾಸಲಾ ಹಿನ್ನೀರು ದಾಟಿ ಸಿಂಹಗಡಕ್ಕೆ: ಗುಂಪು ಕಟ್ಟಿಕೊಂಡು ಹೊರಟವರಿಗೆ

ಪುಣೆಯ ಕನ್ನಡದ ಮನೆಗಳಿಗೆ ಊರಿಂದ ನೆಂಟರು ಬಂದರೆ ಭಾನುವಾರದ ಮೊದಲ ಮಾತೇ ಬೆಟ್ಟದ ಮೇಲಿನ ಕೋಟೆ ಸಿಂಹಗಡ. ಹತ್ತಿರವಿದೆ, ಬಸ್ಸಿದೆ, ಕಾಲುದಾರಿ ಸವೆದು ಸ್ಪಷ್ಟವಾಗಿದೆ. ಇಷ್ಟು ಸುಲಭವೆಂದು ತಯಾರಿಯಿಲ್ಲದೆ ಹೊರಡುವುದೇ ತೊಂದರೆಯ ಮೂಲ. ಏರುವಾಗ ಆಗುವುದು ದಣಿವು, ಪೆಟ್ಟು ಬೀಳುವುದು ಇಳಿಯುವಾಗ. ಇಳಿಯುವ ಹೊತ್ತಿಗೆ ಎಲ್ಲರ ಕಾಲಲ್ಲೂ ಕಸುವು ಉಳಿದಿರಬೇಕು. ದಿನವನ್ನು ಅದಕ್ಕೆ ತಕ್ಕಂತೆ ಹೊಂದಿಸಿ.

ಸ್ವಾರ್ಗೇಟ್ ಕಡೆಯಿಂದ ‘ಸಿಂಹಗಡ ಪಾಯಥಾ’ ಎಂಬ ಫಲಕದ ಪಿಎಂಪಿಎಂಎಲ್ (ಪುಣೆಯ ನಗರ ಸಾರಿಗೆ) ಬಸ್ ಹಿಡಿಯಿರಿ. ಪಾಯಥಾ ಅಂದರೆ ಬೆಟ್ಟದ ಬುಡ. ಖಡಕವಾಸಲಾ ಅಣೆಕಟ್ಟು ಕಳೆದ ಮೇಲೆ ರಸ್ತೆ ಹಿನ್ನೀರಿನ ಪಕ್ಕದಲ್ಲೇ ಸಾಗುತ್ತದೆ. ಡೋಣಜೆ ಫಾಟಾದಲ್ಲಿ, ಅಂದರೆ ಡೋಣಜೆಯ ಕವಲಿನಲ್ಲಿ, ನೇರ ಹೋದರೆ ಪಾನಶೆತ್, ಎಡಕ್ಕೆ ಹೊರಳಿದರೆ ಗಡ. ಸ್ವಂತ ಗಾಡಿಯವರು ಗೋಳೇವಾಡಿಯಿಂದ ಘಾಟ್ ರಸ್ತೆ ಹತ್ತುತ್ತಾರೆ. ನಡೆದು ಏರುವವರು ಶುರು ಮಾಡುವುದು ಬುಡದ ಅತಕರವಾಡಿ ಊರಿನಿಂದ.

ನೀರು ಕಂಡ ಕೂಡಲೇ ಮಕ್ಕಳು ಇಳಿಯೋಣ ಅನ್ನುತ್ತಾರೆ. ಬೇಡ ಎಂದು ಖಡಾಖಂಡಿತವಾಗಿ ಹೇಳಿ. ಜಲಾಶಯದ ದಂಡೆ ಕೆರೆಯ ಮೆಟ್ಟಿಲಿನಂತಲ್ಲ. ಹೂಳಿನಲ್ಲಿ ಕಾಲು ಮೊಣಕಾಲವರೆಗೆ ಹುಗಿಯುತ್ತದೆ, ಎರಡು ಹೆಜ್ಜೆ ಆಚೆ ತಳ ಒಮ್ಮೆಲೇ ಕುಸಿದಿರುತ್ತದೆ. ಈಜು ಬಲ್ಲವರಿಗೂ ಕೆಸರಿನಿಂದ ಕಾಲು ಬಿಡಿಸಿಕೊಳ್ಳುವುದು ಕಷ್ಟ. ಅಣೆಕಟ್ಟಿನ ಕೆಳಗಿನ ಮುಠಾ ನದಿಯ ಪಾತ್ರಕ್ಕೂ ಇಳಿಯಬಾರದು. ಬಾಗಿಲು ತೆರೆದರೆ ನೀರು ನೋಡನೋಡುತ್ತಲೇ ಏರುತ್ತದೆ. 1961ರ ಜುಲೈ 12ರಂದು ಮೇಲಿನ ಪಾನಶೆತ್ ಅಣೆಕಟ್ಟು ಒಡೆದಾಗ ಖಡಕವಾಸಲಾ ಕೂಡ ತಾಳಲಿಲ್ಲ. ಪುಣೆಯ ನದಿದಂಡೆಯ ಪೇಟೆಗಳು ಮುಳುಗಿದವು. ಇಂದಿಗೂ ಪುಣೆ ಕುಡಿಯುವ ನೀರು ಇಲ್ಲಿಯದೇ. ದಂಡೆಯಲ್ಲಿ ಕೈ ತೊಳೆಯುವುದು, ತಟ್ಟೆ ಎಸೆಯುವುದು ಬೇಡವೇ ಬೇಡ.

ಹೊತ್ತಿನ ಲೆಕ್ಕ ಹೀಗೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇಲ್ಲಿಯೂ ಸಲ್ಲುತ್ತದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅತಕರವಾಡಿಯಿಂದ ಗಡದ ತನಕ ಮೂರು ಕಿಲೋಮೀಟರಿನ ಆಸುಪಾಸು ದಾರಿ, ಸುಮಾರು 600 ಮೀಟರ್ ಏರು. ಅಂದರೆ ಒಂದೂವರೆ ಗಂಟೆ. ಇದು ರೂಢಿಯಿದ್ದ ಒಬ್ಬರ ಲೆಕ್ಕ. ಹದಿನೈದು ಇಪ್ಪತ್ತು ಜನರಿದ್ದು, ಮಕ್ಕಳೂ ಇದ್ದರೆ ಎರಡೂಕಾಲು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಆರೂವರೆಗೆ ನಡಿಗೆ ಶುರುವಾದರೆ ಬಿಸಿಲು ಚುರುಕಾಗುವ ಮುನ್ನ ಮೇಲಿರುತ್ತೀರಿ. ದಾರಿಯಲ್ಲಿ ನೆರಳು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಎಂಟಕ್ಕೆ ಹೊರಡುವುದು ತಪ್ಪು ನಿರ್ಧಾರ.

ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು. ಇಬ್ಬರೂ ದಾರಿ ಬಲ್ಲವರಿರಲಿ. ಕೊನೆಯವರಿಗಿಂತ ಹಿಂದೆ ಯಾರೂ ಉಳಿಯಬಾರದು, ಅವರೂ ಯಾರನ್ನೂ ದಾಟಬಾರದು. ಮುಂದಿನವರು ಗುಂಪಿನ ಅತಿ ನಿಧಾನದ ಹೆಜ್ಜೆಗೆ ತಮ್ಮ ಹೆಜ್ಜೆ ಹೊಂದಿಸಲಿ. ಸಾಮಾನ್ಯವಾಗಿ ಆಗುವುದೇನೆಂದರೆ, ಮುಂದಿನವರು ಕೂತು ಕಾಯುತ್ತಾರೆ, ಹಿಂದಿನವರು ಏದುಸಿರು ಬಿಡುತ್ತ ಬಂದ ಕೂಡಲೇ ‘ನಡೀರಿ’ ಎಂದು ಎದ್ದುಬಿಡುತ್ತಾರೆ. ದಣಿದವರಿಗೇ ವಿಶ್ರಾಂತಿ ಇಲ್ಲ. ಕೊನೆಯವರು ಬಂದ ಮೇಲೆ ಐದು ನಿಮಿಷ ಎಣಿಸಿ. ಮಾತಾಡುತ್ತ ಏರಲು ಆಗದಿದ್ದರೆ ವೇಗ ಜಾಸ್ತಿಯಾಗಿದೆ ಎಂದೇ ಅರ್ಥ.

ತಲೆಗೆ ಎರಡು ಲೀಟರ್ ನೀರು, ಬೇಸಿಗೆಯಲ್ಲಿ ಮೂರು. ಮೇಲೆ ದೇವಟಾಕೆ ಎಂಬ ನೀರಿನ ತೊಟ್ಟಿ ಇದೆ ಎಂದು ಬಾಟಲಿ ಬಿಟ್ಟು ಬರಬೇಡಿ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿ ನೀರು ಸಾಲದು: ಓಆರ್‌ಎಸ್ ಪುಡಿ, ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಕೇಡು, ಅಳತೆ ಮೀರಬೇಡಿ. ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ, ಬೆಲ್ಲ ಸಾಕು. ಮೇಲೆ ಪಿಠಲಾ ಭಾಕರಿ ಸಿಗುತ್ತದೆ, ನಮ್ಮ ಜುಣಕ ರೊಟ್ಟಿಯ ನೆಂಟ; ಮಡಕೆಯ ಮೊಸರೂ ಇದೆ. ಹೊಟ್ಟೆ ಬಿರಿಯುವಷ್ಟು ಉಂಡು ತಕ್ಷಣ ಇಳಿಯಬೇಡಿ, ಮುಕ್ಕಾಲು ಗಂಟೆ ಕೂತಿರಿ. ಸಮುದ್ರಮಟ್ಟದಿಂದ 1,300 ಮೀಟರ್ ದಾಟಿದ ಈ ಗಡದ ಉತ್ತರದ ಅಂಚಿನಿಂದ ಖಡಕವಾಸಲಾ ಹಿನ್ನೀರು ಕೆಳಗೆ ಹರಡಿ ಕಾಣುತ್ತದೆ. ನೈಋತ್ಯಕ್ಕೆ ರಾಜಗಡ, ತೋರಣಾ ಕೋಟೆಗಳು. ಕಲ್ಯಾಣ ದರವಾಜಾದ ಕಡೆಗೂ ಮಕ್ಕಳನ್ನು ಕರೆದೊಯ್ಯಿರಿ. 1670ರ ಫೆಬ್ರವರಿಯಲ್ಲಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟ ಗಡ ಇದು.

ಈಗ ಇಳಿಯುವ ಮಾತು. ಇಲ್ಲಿಯ ಕಪ್ಪು ಬಂಡೆ ಸವೆದು ಗರಸು ಆಗಿದೆ, ಮರಾಠಿಯವರ ಮುರೂಮ್. ಒಣಗಿದಾಗ ಅದರ ಹರಳು ರಾಗಿ ಚೆಲ್ಲಿದ ನೆಲದಂತೆ ಅಂಗಾಲಿನಡಿ ಉರುಳುತ್ತದೆ. ಮಳೆಯಲ್ಲಿ ಬಂಡೆಗೆ ಪಾಚಿ. ಭಯಕ್ಕೆ ಹಿಂದಕ್ಕೆ ವಾಲಿದರೆ ಹಿಮ್ಮಡಿಯ ಮೇಲೆ ಭಾರ ಬಿದ್ದು ಜಾರುವುದು ಖಂಡಿತ. ಮೊಣಕಾಲು ತುಸು ಬಾಗಿಸಿ, ಪಾದ ಪೂರ್ತಿ ಊರಿ, ಸಣ್ಣ ಹೆಜ್ಜೆ ಹಾಕಿ. ಕಡಿದಾದಲ್ಲಿ ಅಡ್ಡಡ್ಡ ತಿರುಗಿ ಇಳಿಯಿರಿ. ತಳ ಸವೆದ ಶೂ, ನುಣುಪು ಚಪ್ಪಲಿ ಬೇಡ. ಹೊಸ ಶೂ ಆದರೆ ಒಂದು ವಾರ ಮನೆ ಸುತ್ತಮುತ್ತ ಹಾಕಿ ಪಳಗಿಸಿ, ಇಲ್ಲವಾದರೆ ಬೊಬ್ಬೆ ಏಳುತ್ತದೆ. ಹಿಂದಿನ ದಿನ ಕಾಲುಗುರು ಕತ್ತರಿಸಿ, ಇಳಿಜಾರಿನಲ್ಲಿ ಬೆರಳು ಶೂ ತುದಿಗೆ ಒತ್ತಿ ಉಗುರು ನೀಲಿಗಟ್ಟುತ್ತದೆ. ಮೊಣಕಾಲು ನೋವಿರುವ ಅಜ್ಜ ಅಜ್ಜಿಯರು ಏರಿದ್ದೇ ಸಾಕು, ಮೇಲಿಂದ ಶೇರ್ ಜೀಪಿನಲ್ಲಿ ಇಳಿಯಲಿ. ಜೋರು ಮಳೆಯಲ್ಲಿ ಘಾಟ್ ರಸ್ತೆಯ ಮೇಲೆ ಗುಡ್ಡ ಜರಿದು ಸಂಚಾರ ನಿಲ್ಲುವುದುಂಟು. ಅಂಥ ದಿನ ಅವರನ್ನು ಕರೆತರಬೇಡಿ.

ಗುಡುಗು ಕೇಳಿದರೆ ಬುರುಜು, ಒಂಟಿ ಮರ ಬಿಟ್ಟು ತಗ್ಗಿಗೆ ಬನ್ನಿ. ಗೋಡೆಗೆ ಹೆಜ್ಜೇನು ಕಟ್ಟಿದ್ದು ಕಂಡರೆ ಹೊಗೆ, ಅತ್ತರು, ಕೂಗಾಟ ಬೇಡ. ಕೈಚೀಲದಲ್ಲಿ ನಾಲ್ಕು ಇಂಚಿನ ಕ್ರೇಪ್ ಬ್ಯಾಂಡೇಜ್, ಟಾರ್ಚ್, ಸೀಟಿ ಇರಲಿ. ಮಂಜಿನಲ್ಲಿ ತಪ್ಪಿಸಿಕೊಂಡವರು ನಿಂತಲ್ಲೇ ನಿಂತು ನಿಮಿಷಕ್ಕೆ ಆರು ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಲಿ. ಕೇಳಿಸಿಕೊಂಡವರ ಉತ್ತರ ಮೂರು. ಆಂಬುಲೆನ್ಸಿಗೆ 108, ಉಳಿದ ತುರ್ತಿಗೆ 112.

ತಲೆ ಎಣಿಕೆ ಮೂರು ಸಲ: ಅತಕರವಾಡಿಯಲ್ಲಿ, ಗಡದ ಪುಣೆ ದರವಾಜಾದಲ್ಲಿ, ಹಿಂದಿರುಗುವ ಬಸ್ಸಿನೊಳಗೆ. ಮೂರನೆಯದನ್ನು ಬಸ್ ಹೊರಡುವ ಮೊದಲೇ ಮುಗಿಸಿ.