ಹಳ್ಳದ ನೀರಿಗೆ ಲೆಕ್ಕ ಇಟ್ಟ ಬೇಸಿಗೆ

2023ರ ಮಳೆ ಕೈಕೊಟ್ಟಿತ್ತು. 2024ರ ಮಾರ್ಚ್ ಹೊತ್ತಿಗೆ ಶಿರಸಿ ಸೀಮೆಯ ನಮ್ಮ ಹಳ್ಳದಲ್ಲಿ ನೀರಿಗಿಂತ ಜಗಳವೇ ಜಾಸ್ತಿ. ಕೆಳತೋಟದ ಭಾವ ಒಂದು ಬೆಳಿಗ್ಗೆ ಅಂಗಳಕ್ಕೇ ಬಂದು, “ಮೇಲ್ನವ್ವು ಎಲ್ಲ ಎಳ್ಕಂಡ್ರೆ ಯಂಗೆ ಎಂತ ಉಳಿತು ತಮಾ?” ಎಂದರು. ಮೇಲಿನವರೆಂದರೆ ನಾವು ಮತ್ತು ನಮಗಿಂತ ಮೇಲಿನ ಇನ್ನೊಂದು ಮನೆ. ಉತ್ತರ ಕೊಡಲು ನನ್ನ ಹತ್ತಿರ ಅಂದಾಜಿನ ಹೊರತು ಏನೂ ಇರಲಿಲ್ಲ.

ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳಿವೆ, ಅಲ್ಲಿ ನೀರಿನ ಮಟ್ಟ ಬರೆದಿಡುವವರಿದ್ದಾರೆ. ಅಘನಾಶಿನಿಗೆ ಸೇರುವ ಇಂಥ ಹಳ್ಳಗಳ ಲೆಕ್ಕ ನಾವೇ ಬರೆಯದಿದ್ದರೆ ಇನ್ಯಾರು ಬರೆಯಬೇಕು?

ಮೇಲಿನ ಎರಡು ಮನೆಯವರು ಹಳ್ಳದಿಂದ ನೀರೆತ್ತುವ ಮೋಟಾರುಗಳ ಕೆಳಗೆ, ಭಾವನ ತೋಟಕ್ಕಿಂತ ಮೇಲೆ, ಹಳ್ಳಕ್ಕೆ ಅಡ್ಡ ಹಲಗೆ ಕೂರಿಸಿದೆ. ನಡುವೆ 90 ಡಿಗ್ರಿಯ ಮೂಲೆ ಬರುವಂತೆ ತಗಡಿನ ಕಚ್ಚು. ಪಕ್ಕದಲ್ಲಿ ನೀರು ಸೋರದಂತೆ ಗೋಣಿ ತುರುಕಿ ಜೇಡಿಮಣ್ಣು ಮೆತ್ತಿದೆ. ಕಚ್ಚಿನ ತಳದಿಂದ ನೀರು ಎಷ್ಟು ಮೇಲೆ ನಿಂತಿದೆ ಎಂದು ನೋಡಿದರೆ ಹರಿವು ಸಿಗುತ್ತದೆ: ಎತ್ತರವನ್ನು ಮೀಟರಿನಲ್ಲಿ ಹಿಡಿದು ಅದರ ಎರಡೂವರೆ ಘಾತವನ್ನು 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಗೊತ್ತಾಗುತ್ತದೆ.

ಮೊದಲ ವಾರದ ಲೆಕ್ಕವೆಲ್ಲ ಹಾಳು. ಸ್ಕೇಲನ್ನು ಕಚ್ಚಿನ ಬಾಯಲ್ಲೇ ಇಟ್ಟು ಓದಿದ್ದೆ. ಧುಮುಕುವ ಮೊದಲು ನೀರು ಅಲ್ಲಿ ಬಾಗುತ್ತದೆ, ಹಾಗಾಗಿ ಮಟ್ಟ ಕಡಿಮೆ ಕಾಣುತ್ತದೆ. ಆಮೇಲೆ ಎರಡು ಮಾರು ಹಿಂದೆ, ನೀರು ಅಲುಗದ ಕಡೆ ಗೂಟ ಹುಗಿದು, ಗಾರೆಯವರ ಟ್ಯೂಬ್ ಲೆವೆಲ್ ತಂದು ಸ್ಕೇಲಿನ ಸೊನ್ನೆಯನ್ನು ಕಚ್ಚಿನ ತಳಕ್ಕೆ ಸರಿಹೊಂದಿಸಿದೆ.

ಕರೆಂಟು ಬರುವ ಮೊದಲು 10 ಸೆಂಟಿಮೀಟರ್. ತ್ರೀ ಫೇಸ್ ಬಂದು ಗಂಟೆಯಾದ ಮೇಲೆ 5. ನೋಡುವ ಕಣ್ಣಿಗೆ ಅರ್ಧ ನೀರು ಉಳಿದಂತೆ. ಲೆಕ್ಕ ಹಾಕಿದಾಗ ಸೆಕೆಂಡಿಗೆ 4.4 ಲೀಟರ್ ಇದ್ದದ್ದು 0.8ಕ್ಕೆ ಇಳಿದಿತ್ತು, ಐದರಲ್ಲೊಂದು ಪಾಲೂ ಇಲ್ಲ! ಭಾವ ಹೇಳಿದ್ದು ನಿಜವಾಗಿತ್ತು, ನಾನು ಅಷ್ಟು ದಿನ ಅದನ್ನು ಗೊಣಗಾಟ ಎಂದುಕೊಂಡಿದ್ದೆ. ಈಗಲೂ ನೆನೆದರೆ ಸಂಕಟವಾಗುತ್ತದೆ.

ಉಳಿದ 3.6 ಲೀಟರ್ ಎಲ್ಲಿ ಹೋಯಿತು? 200 ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗೆ ಇಟ್ಟು ನೋಡಿದೆವು. ತುಂಬಲು ನಮ್ಮ ಮೋಟಾರಿಗೆ 110 ಸೆಕೆಂಡು, ಮೇಲ್ಮನೆಯದಕ್ಕೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಒಂದೊಂದಕ್ಕೆ 1.8 ಲೀಟರ್. ಲೆಕ್ಕ ಕೂಡಿತು. ಯಾರೂ ಕದ್ದಿರಲಿಲ್ಲ. ಕರೆಂಟು ಬಂದ ಕೂಡಲೇ ಇಬ್ಬರೂ ಒಟ್ಟಿಗೆ ಸ್ವಿಚ್ ಹಾಕುತ್ತಿದ್ದೆವು.

ಪುಸ್ತಕ ಬಿಡಿಸಿಟ್ಟು ಮೂರೂ ಮನೆಯವರು ನಮ್ಮ ಜಗಲಿಯಲ್ಲಿ ಕೂತೆವು. ಸರದಿ ಗೊತ್ತಾಯಿತು: ಒಂದು ಹೊತ್ತಿಗೆ ಮೇಲೆ ಒಂದೇ ಮೋಟಾರು. ಮರುದಿನದಿಂದ ಹಲಗೆಯಲ್ಲಿ ನೀರು 8 ಸೆಂಟಿಮೀಟರಿಗೆ ನಿಂತಿತು. ಕರೆಂಟು ಎರಡೇ ತಾಸು ಇರುವ ದಿನ ಈ ಸರದಿ ನಡೆಯುವುದಿಲ್ಲ. ಅಂಥ ದಿನ ಎಳೆ ಸಸಿಗಳಿಗೆ ಮಾತ್ರ ನೀರು ಎಂದು ಆಮೇಲೆ ಸೇರಿಸಿದೆವು.

ಮಳೆಗಾಲಕ್ಕೆ ಮೊದಲು ಹಲಗೆ ಕಿತ್ತು ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ್ದೆ. ಡಿಸೆಂಬರಿನಲ್ಲಿ ಮತ್ತೆ ಕೂರಿಸುವಾಗ ಜೇಡಿಮಣ್ಣಿನ ಬುಟ್ಟಿ ಹೊತ್ತು ಬಂದವರು ಕೆಳತೋಟದ ಭಾವ.