ಗಾಜು ಒಡೆಯಲಿ, ಹಾಳೆ ಹರಿಯದಿರಲಿ

ಕಲಬುರಗಿಯಿಂದ ಸೇಡಂ ಕಡೆಗೆ ಕಲ್ಲಿನ ಲಾರಿಯ ಹಿಂದೆ ಕಾರು ಓಡಿಸಿದವರಿಗೆ ಆ ‘ಟಪ್’ ಸದ್ದು ಗೊತ್ತು. ಜಲ್ಲಿಯ ಚೂರು ಸಿಡಿದು ಮುಂದಿನ ಗಾಜಿನಲ್ಲಿ ಜೇಡರ ಬಲೆ ಮೂಡುತ್ತದೆ. ಆದರೂ ಗಾಜು ಮಡಿಲಿಗೆ ಉದುರುವುದಿಲ್ಲ. ಎರಡು ಗಾಜುಗಳ ನಡುವೆ ಅಂಟಿಸಿದ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ, ಸಾಮಾನ್ಯವಾಗಿ 0.76 ಮಿ.ಮೀ. ದಪ್ಪದ್ದು, ಚೂರುಗಳನ್ನು ಹಿಡಿದಿಡುತ್ತದೆ. ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ಪರೀಕ್ಷಿಸಬಹುದು.

ಮೊದಲು ಇಂಥ ಜೋಡಿ ಗಾಜಿನ 30 ಸೆಂ.ಮೀ. ಚೌಕದ ಹತ್ತು ತುಂಡುಗಳನ್ನು ಗಾಜಿನ ಅಂಗಡಿಯಲ್ಲಿ ಕತ್ತರಿಸಿಕೊಳ್ಳಿ. ಒಂದೆರಡು ಸಾಲವು. ಗಾಜಿನ ಬಲ ಕಣ್ಣಿಗೆ ಕಾಣದ ಗೀರುಗಳ ಮೇಲೆ ನಿಂತಿದೆ. ಒಂದೇ ದೊಡ್ಡ ಗಾಜಿನ ಅಕ್ಕಪಕ್ಕದ ತುಂಡುಗಳೂ ಬೇರೆ ಬೇರೆ ಎತ್ತರಕ್ಕೆ ಒಡೆಯುತ್ತವೆ.

ಚೌಕಟ್ಟಿಗೆ ರಬ್ಬರ್ ಪಟ್ಟಿ ಹಚ್ಚಿ ತುಂಡನ್ನು ಮಲಗಿಸಿ, ಕೆಳಗೆ ಬಟ್ಟೆ ಹಾಸಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಬೇಕೇ ಬೇಕು. 227 ಗ್ರಾಂ ಉಕ್ಕಿನ ಗುಂಡನ್ನು ತಳ್ಳದೆ, ಸುಮ್ಮನೆ ಬಿಡಿ. ಒಂದು ಮೀಟರಿನಿಂದ ಬಿದ್ದರೆ ಅದರ ವೇಗ ಸೆಕೆಂಡಿಗೆ 4.4 ಮೀಟರ್, ಶಕ್ತಿ 2.2 ಜೂಲ್. ಎತ್ತರ ಏರಿಸಿದಂತೆ ಪ್ರತಿ ಸಲ ಹೊಸ ತುಂಡು ಇಡಿ. ಹಾಳೆ ಹರಿಯಿತೇ, ಬಟ್ಟೆಯ ಮೇಲೆ ಎಷ್ಟು ಗ್ರಾಂ ಚೂರು ಬಿತ್ತು, ಬರೆದುಕೊಳ್ಳಿ. ಬಿರುಕು ಓಡುವುದನ್ನು ಮೊಬೈಲ್‌ನಲ್ಲಿ ಸೆರೆಹಿಡಿಯುವ ಆಸೆ ಬಿಡಿ; ಅದರ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್.

ತುಂಡಿನ ಬಿಸಿಯನ್ನು ಬರೆಯಲು ಮರೆತರೆ ಇಷ್ಟೂ ಶ್ರಮ ವ್ಯರ್ಥ. ವಾಹನ ಗಾಜಿನ ಅಂತರರಾಷ್ಟ್ರೀಯ ನಿಯಮದಲ್ಲಿ ಈ ಗುಂಡಿನ ಪರೀಕ್ಷೆ ಮೈನಸ್ 20 ಮತ್ತು 40 ಡಿಗ್ರಿಯಲ್ಲಿ ನಡೆಯುತ್ತದೆ. ಬೇರೆಯವರು ಕಾಯಿಸಿ ಪಡೆಯಬೇಕಾದ ಆ 40 ಡಿಗ್ರಿ ನಮ್ಮಲ್ಲಿ ಮೇ ತಿಂಗಳ ನೆರಳು. ಬಿಸಿಲಲ್ಲಿ ನಿಂತ ಕಾರಿನ ಗಾಜು ಇನ್ನೂ ಕಾದಿರುತ್ತದೆ.

ಪಿವಿಬಿಯ ಸ್ವಭಾವ ಶೇಂಗಾ ಉಂಡಿಗೆ ಕಾಯಿಸಿದ ಬೆಲ್ಲದ ಪಾಕದಂತೆ: ಬಿಸಿಯಿದ್ದಾಗ ಎಳೆದಷ್ಟೂ ಬರುತ್ತದೆ, ಆರಿದ ಮೇಲೆ ಪಟ್ಟನೆ ಬಡಿದರೆ ಮುರಿಯುತ್ತದೆ. ಹಾಗಾಗಿ ಇದೇ ಪರೀಕ್ಷೆಯನ್ನು ಲೆಕ್ಕ ಹಾಕಿ ತೋರಿಸುವ ಕಂಪ್ಯೂಟರ್ ಮಾದರಿ ಕಟ್ಟುವಾಗ ಗಾಜಿಗೆ 70 ಗಿಗಾಪ್ಯಾಸ್ಕಲ್ (ಬಿಗಿತದ ಅಳತೆ) ಎಂಬ ಒಂದೇ ಬಿಗಿತ ಕೊಟ್ಟರೆ ನಡೆಯುತ್ತದೆ. ಹಾಳೆಗೆ ಮಾತ್ರ ಸಮಯ, ತಾಪಮಾನ ಎರಡಕ್ಕೂ ತಕ್ಕಂತೆ ಬದಲಾಗುವ ಬಿಗಿತ ಕೊಡಬೇಕು. ಮಾದರಿಯಲ್ಲಿ ಗಾಜನ್ನು 1 ಮಿ.ಮೀ. ಕಣಗಳಾಗಿ ವಿಂಗಡಿಸಿದರೆ ಲೆಕ್ಕದ ಪ್ರತಿ ಹೆಜ್ಜೆಯ ಅವಧಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲೂ ಐದನೆಯ ಒಂದರಷ್ಟು ಸಣ್ಣದಾಗಬೇಕು. ಲೆಕ್ಕವನ್ನು ರಾತ್ರಿ ಹಚ್ಚಿಟ್ಟು ಮಲಗುವುದೇ ಲೇಸು.

ಮಾದರಿ ನಂಬಬಹುದೇ ಎಂದು ನೋಡಲು ಹತ್ತರಲ್ಲಿ ಎರಡು ತುಂಡುಗಳನ್ನು ಮೊದಲೇ ಎತ್ತಿಡಿ. ಅವು ಎಷ್ಟು ಬಾಗುತ್ತವೆ ಎಂದು ಮಾದರಿ ಹೇಳಿದ್ದನ್ನು ಕಾಗದದ ಮೇಲೆ ಬರೆದು, ಗೋಡೆಗೆ ಅಂಟಿಸಿ, ಆಮೇಲೆ ಗುಂಡು ಬಿಡಿ.