ಹಳೇ ಗ್ರಾಫಿಕ್ಸ್ ಕಾರ್ಡು, ಹೊಸ ಕಾರ್ಡು: ಸರಿಯಾಗಿ ಅಳೆಯುವುದು ಹೇಗೆ?

ದಸರಾ ರಜೆಯಲ್ಲಿ ಅಕ್ಕನ ಮಗ ಫೋನ್ ಮಾಡಿದ. ‘ಮಾಮ, ಹಳೇ ಕಾರ್ಡಲ್ಲೂ 60 ಎಫ್‌ಪಿಎಸ್, ಹೊಸದರಲ್ಲೂ 60. ಅಂಗಡಿಯವನು ಟೋಪಿ ಹಾಕಿದ.’ ಎಫ್‌ಪಿಎಸ್ ಅಂದರೆ ಒಂದು ಸೆಕೆಂಡಿಗೆ ಬರುವ ಚಿತ್ರಗಳ (ಫ್ರೇಮ್‌ಗಳ) ಸಂಖ್ಯೆ. ಹೋಗಿ ನೋಡಿದರೆ ಕಾರ್ಡಿಗೆ ಏನೂ ಆಗಿರಲಿಲ್ಲ. ಮಾನಿಟರ್ 60 ಹರ್ಟ್ಸ್‌ನದು, ಆಟದಲ್ಲಿ ವಿ-ಸಿಂಕ್ (ಕಾರ್ಡಿನ ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಆಯ್ಕೆ) ಆನ್ ಇತ್ತು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಕೊಂಡ ಮಾರುತಿ 800 ಮತ್ತು ಬಿಎಂಡಬ್ಲ್ಯು, ಎರಡರದ್ದೂ ಒಂದೇ ಸ್ಪೀಡು ಅಲ್ವಾ? ಹಾಗೆ.

ಇಂಥದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಹೆಸರು ಓದಿ, ಆದರೆ ನಂಬಬೇಡಿ

ಆರ್‌ಟಿಎಕ್ಸ್ 4060 ಅಂದರೆ 40 ತಲೆಮಾರು, 60 ದರ್ಜೆ. ತಲೆಮಾರಿನ ಅಂಕಿ ದೊಡ್ಡದಾದ ಮಾತ್ರಕ್ಕೆ ಕಾರ್ಡು ವೇಗವಾಗುವುದಿಲ್ಲ. ಒಂದೇ ಹೆಸರಿನಲ್ಲಿ ಎರಡು ಸರಕು ಮಾರುವುದೂ ಉಂಟು. ಜಿಟಿ 1030ರಲ್ಲಿ ಜಿಡಿಡಿಆರ್5 ಮೆಮೊರಿಯದ್ದು ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. ಡಿಡಿಆರ್4ನದು 17ನ್ನೂ ಮುಟ್ಟುವುದಿಲ್ಲ. ಡಬ್ಬಿಯ ಮೇಲೆ ಹೆಸರು ಮಾತ್ರ ಒಂದೇ. ಡಿಡಿಆರ್4ನದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಆರ್‌ಎಕ್ಸ್ 580 ಕೊಳ್ಳುವಾಗಲೂ ‘2048 ಎಸ್‌ಪಿ’ (ಎಸ್‌ಪಿ ಅಂದರೆ ಕಾರ್ಡಿನೊಳಗೆ ಲೆಕ್ಕ ಮಾಡುವ ಪುಟ್ಟ ಘಟಕ) ಅಂತ ಇದ್ದರೆ ಅದು ನಿಜದಲ್ಲಿ 570ರ ಮಟ್ಟದ್ದು. ಅಸಲಿ 580ರಲ್ಲಿ 2304 ಇರುತ್ತವೆ. ಜಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶ ತೆರೆದರೆ ಇದೆಲ್ಲ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಾಗದದ ಮೇಲಿನ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ. 2017ರ ಜಿಟಿಎಕ್ಸ್ 1080 ಟಿಐನಲ್ಲಿ 3584 ಕುಡಾ ಕೋರ್ (ಎನ್‌ವಿಡಿಯಾ ಕಾರ್ಡಿನ ಲೆಕ್ಕ ಮಾಡುವ ಘಟಕಗಳು), 2021ರ ಆರ್‌ಟಿಎಕ್ಸ್ 3060ಯಲ್ಲೂ ಅಷ್ಟೇ 3584. ಮೆಮೊರಿ ವೇಗದಲ್ಲಿ ಹಳೆಯದೇ ಮುಂದು: 484 ಜಿಬಿ, ಹೊಸದರದ್ದು 360. ಹಳೆಯದು 250 ವ್ಯಾಟ್ ತಿಂದರೆ ಹೊಸದಕ್ಕೆ 170 ಸಾಕು. ಹಾಗಾದರೆ ಯಾವುದು ಮೇಲು? ಓಡಿಸಿಯೇ ನೋಡಬೇಕು.

ಹಂತ 2: ಕಾರ್ಡ್ ಬದಲಿಸಿ

ಹಳೇ ಕಾರ್ಡನ್ನು ಹಂತ 3ರಂತೆ ಮೊದಲೇ ಅಳೆದಿಟ್ಟುಕೊಳ್ಳಿ. ಆಮೇಲೆ ಡಿಡಿಯು ಎಂಬ ತಂತ್ರಾಂಶದಿಂದ ಹಳೇ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಪೂರ್ತಿ ಒರೆಸಿ, ಕಾರ್ಡ್ ಬದಲಿಸಿ, ಹೊಸ ಡ್ರೈವರ್ ಹಾಕಿ. ಮಾನಿಟರ್ ಕೇಬಲ್ ಕಾರ್ಡಿಗೇ ಚುಚ್ಚಿದ್ದೀರಾ, ಮದರ್‌ಬೋರ್ಡಿಗಲ್ಲ ತಾನೇ? ನಗಬೇಡಿ, ಆ ತಪ್ಪು ನಾನೂ ಮಾಡಿದ್ದೇನೆ.

ಹಂತ 3: ಅಳತೆ

ಜನ ಎಡವುವುದು ಇಲ್ಲೇ.

ಸುಮ್ನೆ ಆಟ ಆಡುತ್ತ ಮೂಲೆಯ ನಂಬರ್ ನೋಡಿದರೆ ಅದು ಅಳತೆ ಆಗುವುದಿಲ್ಲ. ಮೊದಲ ಸಲ ಮಾರ್ಕೆಟ್ ರಸ್ತೆಯಲ್ಲಿ ನಡೆದಿರುತ್ತೀರಿ, ಎರಡನೇ ಸಲ ಖಾಲಿ ಗುಡ್ಡದ ಮೇಲೆ. ಒಳಗೇ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಇರುವ ಆಟ ಆರಿಸಿಕೊಳ್ಳಿ: ಸೈಬರ್‌ಪಂಕ್ 2077, ಫೋರ್ಝಾ ಹೊರೈಝನ್ 5, ಶ್ಯಾಡೋ ಆಫ್ ದ ಟೂಂಬ್ ರೇಡರ್. ಪ್ರತಿ ಸಲವೂ ಅದೇ ದೃಶ್ಯ ಓಡುತ್ತದೆ.

ವಿ-ಸಿಂಕ್, ಫ್ರೇಮ್ ಮಿತಿ, ಡೈನಾಮಿಕ್ ರೆಸಲ್ಯೂಷನ್, ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ (ಈ ಮೂರೂ ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ವೇಗ ಹೆಚ್ಚಿಸುವ ಉಪಾಯಗಳು) ಎಲ್ಲವನ್ನೂ ಆಫ್ ಮಾಡಿ. ಕಾರ್ಡ್ ಬದಲಿಸಿದ ಮೇಲೆ ಇದನ್ನೆಲ್ಲ ಮತ್ತೊಮ್ಮೆ ತೆರೆದು ನೋಡಿ. ಎಷ್ಟೋ ಆಟಗಳು ಹೊಸ ಕಾರ್ಡ್ ಕಂಡ ಕೂಡಲೇ ನಿಮ್ಮನ್ನು ಕೇಳದೆ ಗ್ರಾಫಿಕ್ಸನ್ನು ‘ಹೈ’ನಿಂದ ‘ಅಲ್ಟ್ರಾ’ಗೆ ಏರಿಸಿಬಿಡುತ್ತವೆ. ಆಮೇಲೆ ‘ಹೊಸದು ಅಷ್ಟೇನೂ ವೇಗ ಇಲ್ಲ’ ಅಂತ ಕೊರಗುತ್ತೀರಿ.

ಈಗ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿ, ಓಡುವಾಗ ‘ಜಿಪಿಯು ಯೂಸೇಜ್’ (ಕಾರ್ಡು ಶೇ ಎಷ್ಟು ದುಡಿಯುತ್ತಿದೆ) ಒಂದರ ಮೇಲೆ ಕಣ್ಣಿಡಿ. 95ರ ಮೇಲಿದ್ದರೆ ಕಾರ್ಡು ಪೂರ್ತಿ ದುಡಿಯುತ್ತಿದೆ ಎಂದರ್ಥ. 60-70ರಲ್ಲಿ ಆಡುತ್ತಿದ್ದರೆ ನೀವು ಅಳೆಯುತ್ತಿರುವುದು ಕಾರ್ಡನ್ನಲ್ಲ, ಪ್ರೊಸೆಸರನ್ನು. ಅಡುಗೆಯವನು ಎಷ್ಟೇ ಚುರುಕಾಗಿರಲಿ, ತರಕಾರಿ ಹೆಚ್ಚಿ ಕೊಡುವವನು ನಿಧಾನ ಆದರೆ ಊಟ ತಡವೇ. ಆಗ ರೆಸಲ್ಯೂಷನ್ 1440ಪಿಗೆ ಏರಿಸಿ. ಅಂಥ ಮಾನಿಟರ್ ಇಲ್ಲದಿದ್ದರೆ ಆಟದ ರೆಂಡರ್ ಸ್ಕೇಲ್ (ಕಾರ್ಡು ಒಳಗೆ ಬಿಡಿಸುವ ಚಿತ್ರದ ಗಾತ್ರ) ಹೆಚ್ಚಿಸಿದರೂ ಆಯಿತು. ಭಾರ ಕಾರ್ಡಿನ ಮೇಲೆ ಬೀಳಬೇಕು, ಅಷ್ಟೇ.

ತಣ್ಣಗಿರುವ ಕಾರ್ಡು ಮೊದಲ ಕೆಲವು ನಿಮಿಷ ಜಾಸ್ತಿ ವೇಗದಲ್ಲಿ ಓಡಿ, ಬಿಸಿಯಾದಂತೆ ಇಳಿಯುತ್ತದೆ. ಆದ್ದರಿಂದ 15 ನಿಮಿಷ ಓಡಿಸಿ ಬಿಸಿ ಮಾಡಿ. ಮೊದಲ ಓಟದ ಲೆಕ್ಕ ಬಿಸಾಡಿ. ಶೇಡರ್‌ಗಳು (ಬೆಳಕು, ಬಣ್ಣ ಲೆಕ್ಕಹಾಕುವ ಪುಟ್ಟ ಪ್ರೋಗ್ರಾಂಗಳು) ಆಗಿನ್ನೂ ತಯಾರಾಗುತ್ತಿದ್ದು, ಆಟ ಅಲ್ಲಲ್ಲಿ ತಡವರಿಸಬಹುದು. ಆಮೇಲೆ ಮೂರು ಸಲ ಓಡಿಸಿ, ನಡುವಿನ ಸಂಖ್ಯೆ ಬರೆದುಕೊಳ್ಳಿ. ಹಳೆಯದನ್ನು ಕಲಬುರಗಿಯ ಏಪ್ರಿಲ್ ಮಧ್ಯಾಹ್ನ, ಹೊಸದನ್ನು ರಾತ್ರಿ ಏಸಿ ಹಾಕಿಕೊಂಡು ಅಳೆದರೆ ಅದು ಹವಾಮಾನ ವರದಿ ಆಗುತ್ತದೆ.

ಸರಾಸರಿ ಎಫ್‌ಪಿಎಸ್ ಒಂದನ್ನೇ ನೋಡಬೇಡಿ. ಒಂದು ಸೆಕೆಂಡಿನಲ್ಲಿ 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡ್ ತೆಗೆದುಕೊಂಡವು, ಕೊನೆಯದೊಂದು 115 ತೆಗೆದುಕೊಂಡಿತು ಅಂದುಕೊಳ್ಳಿ. ಸರಾಸರಿ ನೀಟಾಗಿ 60. ಆದರೆ ಆ ಒಂದು ಫ್ರೇಮಿನಲ್ಲಿ ಚಿತ್ರ ಗಕ್ಕನೆ ನಿಂತಿರುತ್ತದೆ, ಅಷ್ಟರಲ್ಲಿ ಎದುರಾಳಿ ಗುಂಡು ಹಾರಿಸಿರುತ್ತಾನೆ. ಕ್ಯಾಪ್‌ಫ್ರೇಮ್‌ಎಕ್ಸ್ ತಂತ್ರಾಂಶದಲ್ಲಿ ಸಿಗುವ ‘1% ಲೋ’ (ಅತಿ ನಿಧಾನದ ಶೇ 1 ಫ್ರೇಮ್‌ಗಳ ಲೆಕ್ಕ) ಇದನ್ನು ಹಿಡಿದುಕೊಡುತ್ತದೆ. 8 ಜಿಬಿಯ ಹೊಸ ಕಾರ್ಡು ಮತ್ತು 11 ಜಿಬಿಯ ಹಳೇ ಕಾರ್ಡು ಹೋಲಿಸುವಾಗಲಂತೂ ಇದನ್ನು ಬಿಡಲೇಬೇಡಿ. ಮೆಮೊರಿ ಸಾಲದಾದಾಗ ಸರಾಸರಿಗಿಂತ ಮೊದಲು ಕುಸಿಯುವುದು ಇದೇ.

ಶಾರ್ಟ್‌ಕಟ್ ಬೇಕೇ? 3ಡಿಮಾರ್ಕ್ ಟೈಮ್ ಸ್ಪೈ ಎಂಬ ಪರೀಕ್ಷೆ ಓಡಿಸಿ ‘ಗ್ರಾಫಿಕ್ಸ್ ಸ್ಕೋರ್’ ಮಾತ್ರ ನೋಡಿ, ಒಟ್ಟು ಸ್ಕೋರಿನಲ್ಲಿ ಪ್ರೊಸೆಸರ್ ಅಂಕವೂ ಸೇರಿರುತ್ತದೆ. ಯೂಟ್ಯೂಬಿನಲ್ಲಿ ಎರಡು ಕಾರ್ಡ್ ಅಕ್ಕಪಕ್ಕ ಓಡುವ ವಿಡಿಯೊಗಳಲ್ಲಿ ಕಾರ್ಡೇ ಒಮ್ಮೆಯೂ ಕಾಣಿಸದಿದ್ದರೆ ನಾನು ಮುಚ್ಚಿಬಿಡುತ್ತೇನೆ; ನಿಜಕ್ಕೂ ಅಳೆದಿದ್ದಾರೆ ಅಂತ ಹೇಗೆ ನಂಬುವುದು?

ಹಂತ 4: ಲೆಕ್ಕ

60ರಿಂದ 90ಕ್ಕೆ ಹೋದರೆ ಶೇ 50 ಏರಿಕೆ, 33 ಅಲ್ಲ. ಹಲವು ಆಟಗಳ ಎಫ್‌ಪಿಎಸ್ ಕೂಡಿಸಿ ಭಾಗಿಸಬೇಡಿ. 400 ಕೊಡುವ ಹಗುರ ಆಟವೊಂದು ಉಳಿದವನ್ನೆಲ್ಲ ನುಂಗಿಬಿಡುತ್ತದೆ. ಆಟವಾರು ಶೇಕಡಾ ವ್ಯತ್ಯಾಸ ತೆಗೆಯಿರಿ.

ಕಂಪನಿಯವರ ಗ್ರಾಫು ಬೇರೆಯೇ ಕಥೆ. 2025ರ ಜನವರಿಯಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 5070ಯನ್ನು 4090ಕ್ಕೆ ಸಮ ಎಂದು ಪರಿಚಯಿಸಿತು. ಆ ಸಮ ನಿಂತಿದ್ದು ಫ್ರೇಮ್ ಜನರೇಷನ್ ಮೇಲೆ, ಅಂದರೆ ಕಾರ್ಡು ಎರಡು ಅಸಲಿ ಫ್ರೇಮ್‌ಗಳ ನಡುವೆ ಊಹಿಸಿ ತುಂಬುವ ಫ್ರೇಮ್‌ಗಳ ಮೇಲೆ. ಕಣ್ಣಿಗೆ ನಯ ಕಾಣುತ್ತದೆ, ನಿಜ. ಆದರೆ ಮೌಸ್ ಒತ್ತಿದ್ದಕ್ಕೆ ಸ್ಪಂದನೆ ಬೇಗ ಆಗುವುದಿಲ್ಲ. ಅಳೆಯುವಾಗ ಅದನ್ನೂ ಆಫ್ ಮಾಡಿ.

ನಮ್ಮ 1080 ಟಿಐ ಮತ್ತು 3060? ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕಹಾಕಿ ಚಿತ್ರ ಬಿಡಿಸುವುದು) ಇಲ್ಲದ ಆಟಗಳಲ್ಲಿ ಎರಡೂ ಹತ್ತಿರ ಹತ್ತಿರ, ಎಷ್ಟೋ ಕಡೆ ಹಳೆಯದೇ ಒಂದು ಕೈ ಮೇಲು. ಆದರೆ 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇರಲೇಬೇಕು. ಅದು ಹಳೆಯದರಲ್ಲಿ ಇಲ್ಲ. ದಿನಕ್ಕೆ ನಾಲ್ಕು ಗಂಟೆ ಆಡುವವರಿಗೆ 80 ವ್ಯಾಟ್ ವ್ಯತ್ಯಾಸ ತಿಂಗಳಿಗೆ ಹತ್ತಿರ ಹತ್ತಿರ 10 ಯೂನಿಟ್. ಕೈಯಲ್ಲಿ 1080 ಟಿಐ ಇದ್ದರೆ ಇಷ್ಟು ಉಳಿಸಲೆಂದು 3060 ಕೊಳ್ಳಬೇಡಿ. ಎರಡೂ ಇಲ್ಲದಿದ್ದರೆ 3060ಯೇ ಸರಿ.

ಸೆಕೆಂಡ್‌ಹ್ಯಾಂಡ್ ಅಂತ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗುವವರು ಪೆನ್‌ಡ್ರೈವಿನಲ್ಲಿ ಜಿಪಿಯು-ಝಡ್, ಸೂಪರ್‌ಪೊಸಿಷನ್ (ಇದೂ ಒಂದು ಬೆಂಚ್‌ಮಾರ್ಕ್) ಎರಡನ್ನೂ ಹಾಕಿಕೊಂಡು ಹೋಗಿ. ಅಂಗಡಿಯಲ್ಲೇ 15 ನಿಮಿಷ ಓಡಿಸಿ ತೋರಿಸಲು ಕೇಳಿ. ‘ಟೈಮಿಲ್ಲ ಸರ್, ಗ್ಯಾರಂಟಿ ಇದೆ’ ಅಂದರೆ ಪಕ್ಕದ ಅಂಗಡಿಗೆ ಹೋಗಿ.